ಬೂಷ್ಟು ಹಿಡಿದ ಗೋಡೆಗೆ ವಿಮೆ ಹಣ: ಮೊದಲು ಸುಣ್ಣದ ಬಕೆಟ್ ಪಕ್ಕಕ್ಕಿಡಿ

ಗಣಪತಿ ಹಬ್ಬ ಹತ್ತಿರ ಬಂತೆಂದರೆ ಬೆಳಗಾವಿಯಲ್ಲಿ ಮನೆಮನೆಗೂ ಸುಣ್ಣಬಣ್ಣ ಶುರು. ಜೂನ್‌ನಿಂದ ಹಿಡಿದ ಮಳೆಗೆ ಗೋಡೆಗಳು ಕಪ್ಪಾಗಿರುತ್ತವೆ. ಹಬ್ಬಕ್ಕೆ ಬಂದವರಿಗೆ ಆ ಗೋಡೆ ತೋರಿಸಲು ಯಾರಿಗೆ ಮನಸ್ಸು ಬರುತ್ತದೆ? ಹೀಗೆ ಬಣ್ಣ ಹಚ್ಚಿಯೇ ನಮ್ಮ ಓಣಿಯಲ್ಲಿ ಎರಡು ಮನೆಯವರು ವಿಮೆ ಹಣ ಕಳೆದುಕೊಂಡರು. ಹಾನಿ ಅಳೆಯಲು ವಿಮಾ ಕಂಪನಿ ಕಳಿಸಿದ ಸರ್ವೇಯರ್ ಬಂದಾಗ ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಅವರು ಏನು ನೋಡಿ ವರದಿ ಬರೆಯಬೇಕು?

ಮೊದಲ ಕೆಲಸ, ಪಾಲಿಸಿ ತೆಗೆದು ಓದುವುದು. ಗೃಹಸಾಲದ ಜೊತೆ ಬ್ಯಾಂಕಿನಲ್ಲಿ ಮಾಡಿಸಿದ ವಿಮೆ ಎಷ್ಟೋ ಸಲ ಸಾಲಗಾರರ ಜೀವಕ್ಕೆ ಇರುತ್ತದೆ, ಮನೆಗಲ್ಲ. ಮನೆಗೇ ಮಾಡಿಸಿದ್ದರೆ ಅದು ‘ಭಾರತ್ ಗೃಹ ರಕ್ಷಾ’ ಇರಬಹುದು. 2021ರ ಏಪ್ರಿಲ್ 1ರಿಂದ ಬಂದ ಪಾಲಿಸಿ ಇದು. ಶಹಾಪುರ, ವಡಗಾವಿಯ ನೇಕಾರರು ಇನ್ನೊಂದು ವಿಷಯ ಗಮನಿಸಬೇಕು. ಮನೆಯ ಪಾಲಿಸಿ ಮನೆಗೆ, ಮನೆಬಳಕೆಯ ಸಾಮಾನಿಗೆ ಮಾತ್ರ. ಮಗ್ಗ, ನೂಲು, ಮಾರಾಟಕ್ಕಿಟ್ಟ ಸೀರೆಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ದಂಥ ಬೇರೆ ಪಾಲಿಸಿ ಬೇಕು.

ಎರಡನೆಯದು, ನೀರು ಎಲ್ಲಿಂದ ಬಂತು ಎಂದು ಪತ್ತೆ ಮಾಡುವುದು. ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ, ಹಾಗಾಗಿ ನಿಧಾನವಾಗಿ ಓದಿ. ಬೂಷ್ಟು ಹಿಡಿದಿದೆ ಎಂಬ ಒಂದೇ ಕಾರಣಕ್ಕೆ ವಿಮೆ ಹಣ ಸಿಗುವುದಿಲ್ಲ. ಬೂಷ್ಟಿಗೆ ಕಾರಣವಾದ ಘಟನೆ ಪಾಲಿಸಿಯಲ್ಲಿ ಇರಬೇಕು. ಬಿರುಗಾಳಿ, ನೆರೆ, ಮನೆಯೊಳಗೆ ನೀರು ನುಗ್ಗುವುದು, ನೀರಿನ ಟ್ಯಾಂಕು ಅಥವಾ ಪೈಪ್ ಒಡೆಯುವುದು, ಟ್ಯಾಂಕು ತುಂಬಿ ಹರಿಯುವುದು, ಇವೆಲ್ಲ ಗೃಹ ರಕ್ಷಾದಲ್ಲಿವೆ. ವರ್ಷಗಟ್ಟಲೆ ಗೋಡೆ ತೇವ ಹೀರುವುದು, ಚಾವಣಿ ಹಳತಾಗಿ ತೊಟ್ಟಿಕ್ಕುವುದು ಇಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ, ಘಟಪ್ರಭಾ ಉಕ್ಕಿದಾಗ ಮನೆಯೊಳಗೆ ನೀರು ನಿಂತು ಬೂಷ್ಟು ಬಂದಿದ್ದು ಒಂದು ಮಾತು. ಪ್ರತಿ ಮಳೆಗಾಲಕ್ಕೂ ಅದೇ ಮೂಲೆ ಕಪ್ಪಾಗುವುದು ಬೇರೆ ಮಾತು.

ಹೀಗಾಗಿ ಅರ್ಜಿಯಲ್ಲಿ ‘ಗೋಡೆಗೆ ಬೂಷ್ಟು ಬಂದಿದೆ, ಪರಿಹಾರ ಕೊಡಿ’ ಎಂದು ಬರೆಯಬೇಡಿ. ಘಟನೆಯಿಂದ ಶುರು ಮಾಡಿ. ‘ಇಂಥ ತಾರೀಖಿನ ರಾತ್ರಿ ಟ್ಯಾಂಕಿನಿಂದ ಇಳಿಯುವ ಪೈಪ್ ಒಡೆದು ಮಲಗುವ ಕೋಣೆಗೆ ನೀರು ನುಗ್ಗಿತು. ಗಿಲಾವು ನೆನೆದು ಉದುರಿತು. ಮೂರನೇ ದಿನ ಬೂಷ್ಟು ಕಾಣಿಸಿತು’ ಅಂತ ಇರಲಿ. ತಾರೀಖು, ಕಾರಣ, ಹಾನಿ, ಇದೇ ಸಾಲು. ನಡೆದಿದ್ದನ್ನು ಮಾತ್ರ ಬರೆಯಿರಿ. ಹಳೆಯ ಸೋರಿಕೆಗೆ ಹೊಸ ಕಥೆ ಕಟ್ಟಿದರೆ ಇಡೀ ಕ್ಲೇಮ್ ಹೋಗುತ್ತದೆ.

ಇದಕ್ಕೆ ಸಾಕ್ಷಿ ಬೇಕು. ಏನನ್ನೂ ಒರೆಸುವ ಮೊದಲು ಫೋಟೊ ತೆಗೆಯಿರಿ. ಕೋಣೆಯ ನಾಲ್ಕೂ ಗೋಡೆ, ನೀರು ನಿಂತ ಗುರುತು, ಅದರ ಪಕ್ಕ ಅಳತೆ ಟೇಪು, ಆ ದಿನದ ಪೇಪರ್. ಪ್ಲಂಬರ್ ಒಡೆದ ಪೈಪ್ ತುಂಡನ್ನು ಎಸೆಯದಂತೆ ನೋಡಿಕೊಳ್ಳಿ. ನಮ್ಮ ಮನೆಯ ಕ್ಲೇಮ್ ಪಾಸಾಗಿದ್ದು ಒಂದು ಹಳೆಯ ಫೋಟೊದಿಂದ. ಮಗಳ ಸೀಮಂತದ ದಿನ ಅದೇ ಗೋಡೆಯ ಮುಂದೆ ಎಲ್ಲರೂ ನಿಂತು ತೆಗೆಸಿಕೊಂಡಿದ್ದು. ಹಿಂದಿನ ಗೋಡೆ ಚೊಕ್ಕವಾಗಿತ್ತು, ತಾರೀಖೂ ಇತ್ತು. ‘ಇದು ಹಳೆಯ ತೇವ’ ಎಂಬ ಸರ್ವೇಯರ್ ವಾದ ಅಲ್ಲಿಗೇ ನಿಂತಿತು. ನಿಮ್ಮ ಮೊಬೈಲಿನಲ್ಲೂ ಇಂಥ ಫೋಟೊ ಇರುತ್ತದೆ, ಹುಡುಕಿ.

ಮಳೆಯಿಂದಾದ ಹಾನಿಗೆ ಆ ದಿನದ ಮಳೆ ಲೆಕ್ಕ ಸೇರಿಸಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಹೋಬಳಿ ಮಟ್ಟದಲ್ಲೂ ಇವೆ. ನೆರೆ ಬಂದಿದ್ದರೆ ತಲಾಟಿಯವರ (ಗ್ರಾಮ ಆಡಳಿತಾಧಿಕಾರಿ) ಪಂಚನಾಮೆಯ ಪ್ರತಿ ಇಟ್ಟುಕೊಳ್ಳಿ.

ಕಂಪನಿಗೆ ಅದೇ ದಿನ ಫೋನ್ ಮಾಡಿ, ದೂರಿನ ನಂಬರ್ ಬರೆದುಕೊಳ್ಳಿ. ಗೃಹ ರಕ್ಷಾದಲ್ಲಿ ಹಾನಿ ಕಂಡ 30 ದಿನದೊಳಗೆ ಕ್ಲೇಮ್ ಫಾರ್ಮ್ ಕೊಡಬೇಕು. ಫೋಟೊ ಆದ ಮೇಲೆ ನೀರು ಹೊರಹಾಕಿ, ಕಿಟಕಿ ತೆರೆದು ಫ್ಯಾನ್ ಹಾಕಿ. ಹಾನಿ ಹೆಚ್ಚಾಗದಂತೆ ತಡೆಯುವುದು ಪಾಲಿಸಿದಾರರ ಜವಾಬ್ದಾರಿ. ಒಂದೆರಡು ದಿನ ಒದ್ದೆ ಇದ್ದರೂ ಬೂಷ್ಟು ಹುಟ್ಟುತ್ತದೆ. ಆದರೆ ಬಣ್ಣ ಬೇಡ. ಅಂಗಡಿಯವರು ಕೊಡುವ ವಾಟರ್‌ಪ್ರೂಫ್ ಪೇಂಟಂತೂ ಒದ್ದೆ ಗೋಡೆಗೆ ಬೇಡವೇ ಬೇಡ. ಒಳಗಿನ ತೇವ ಅಲ್ಲೇ ಉಳಿದು ಪೊರೆ ಉಬ್ಬುತ್ತದೆ, ಹಿಂದೆ ಬೂಷ್ಟು ಬೆಳೆಯುತ್ತಲೇ ಇರುತ್ತದೆ.

ಗೌಂಡಿಯಿಂದ ‘ರಿಪೇರಿ 80 ಸಾವಿರ’ ಎಂಬ ಒಂದು ಸಾಲಿನ ಚೀಟಿ ತರಬೇಡಿ. ಯಾವ ಗೋಡೆ, ಎಷ್ಟು ಚದರ ಅಡಿ, ಹಳೆ ಗಿಲಾವು ಕೆತ್ತಲು ಎಷ್ಟು, ಹೊಸ ಗಿಲಾವಿಗೆ ಎಷ್ಟು, ಬಣ್ಣಕ್ಕೆ ಎಷ್ಟು, ಎಲ್ಲ ಬೇರೆ ಬೇರೆ ಬರೆಸಿ. ಹಾಳಾದ ಗಾದಿ, ಕಪಾಟು ಸರ್ವೇಯರ್ ನೋಡುವವರೆಗೆ ಹಿತ್ತಲಲ್ಲಿರಲಿ. ಅವರು ಬಂದಾಗ ಮನೆಯಲ್ಲಿ ವಿಷಯ ಗೊತ್ತಿದ್ದವರೇ ಇರಬೇಕು.

ಕ್ಲೇಮ್ ತಿರಸ್ಕರಿಸಿದರೆ ಸುಮ್ನೆ ಕೂರಬೇಡಿ. ಕಾರಣವನ್ನು ಬರಹದಲ್ಲಿ ಕೇಳಿ, ಪಾಲಿಸಿಯ ಯಾವ ಷರತ್ತು ಎಂದೂ ಕೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ ಜಾಲತಾಣದಲ್ಲೂ ದೂರು ಹಾಕಬಹುದು, ಸಹಾಯವಾಣಿ 155255. ಕಂಪನಿಯಿಂದ ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ವಿಮೆಯ ತಕರಾರು ಬಗೆಹರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಹೋಗಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ಪ್ರಕರಣ ನೋಡುತ್ತಾರೆ. ತಿರಸ್ಕಾರದ ಪತ್ರ ಬಂದ ಒಂದು ವರ್ಷದೊಳಗೆ ಹೋಗಬೇಕು. ಹಾಗಾಗಿ ಆ ಪತ್ರ ಬಂದ ಲಕೋಟೆಯನ್ನೂ ಫೈಲಿನಲ್ಲಿಡಿ.