ಹಳೇ ಫೋನ್ ಮಾರಿದ ಮಾರನೇ ದಿನ "ವಾಪಸ್ ತಗೊಳ್ಳಿ ಸಾರ್" ಅಂತ ಕಾಲ್ ಬಂದ್ರೆ

ಭಾನುವಾರ ಮಧ್ಯಾಹ್ನ ನಮ್ಮನೆ ಹತ್ರ ಬೇಕರಿ ಮುಂದೆ ನಿಂತು ಫೋನ್ ಕೊಟ್ಟೆ, 14,000 ಯುಪಿಐಲಿ ಬಂತು, ಹುಡುಗ ಖುಷಿಯಾಗಿ ಹೋದ, ನಾನೂ ಎರಡು ಪಫ್ಸ್ ಕಟ್ಟಿಸ್ಕೊಂಡು ಮನೆಗೆ ಬಂದೆ. ಸೋಮವಾರ ರಾತ್ರಿ ಹತ್ತೂವರೆಗೆ ಕಾಲ್. "ಸಾರ್, ಮೊಬೈಲ್ ಸಿಕ್ಕಾಪಟ್ಟೆ ಹೀಟ್ ಆಗ್ತಿದೆ, ಡಿಸ್‌ಪ್ಲೇನೂ ಚೇಂಜ್ ಮಾಡ್ಸಿರೋದಂತೆ, ಅಂಗಡಿಯವ್ರು ಹೇಳಿದ್ರು, ದುಡ್ಡು ವಾಪಸ್ ಹಾಕಿ." ಡಿಸ್‌ಪ್ಲೇ ನಾನಂತೂ ಮುಟ್ಟಿರ್ಲಿಲ್ಲ. ಆದ್ರೆ ಅದನ್ನ ತೋರ್ಸೋಕೆ ನನ್ನ ಹತ್ರ ಏನೂ ಇರ್ಲಿಲ್ಲ, ಚಾಟ್ ತೆಗೆದು ನೋಡಿದ್ರೆ ನಾನೇ ದೊಡ್ಡ ಮನುಷ್ಯನ ಥರ "ಎಲ್ಲಾ ಪರ್ಫೆಕ್ಟ್ ಬ್ರೋ, ಕಣ್ಮುಚ್ಚಿ ತಗೊಳ್ಳಿ" ಅಂತ ಹಾಕಿದೀನಿ. ಎರಡು ದಿನ ಜಗಳ ಆಡಿ ಕೊನೆಗೆ 2,500 ವಾಪಸ್ ಹಾಕಿ ಕೈ ತೊಳ್ಕೊಂಡೆ. ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಇಲ್ಲಿ ದುಡ್ಡು ಇಸ್ಕೊಂಡ ನಾನೇ ಕೋಡಂಗಿ ಆಗಿದ್ದೆ.

ಆಮೇಲೆ ಒಂದು ಲ್ಯಾಪ್‌ಟಾಪು, ಒಂದು ವಾಷಿಂಗ್ ಮಷೀನು, ಎರಡು ಫೋನು, ಒಂದು ಕ್ಯಾಮೆರಾ ಲೆನ್ಸ್ ಮಾರಿದೀನಿ, ಅದರಲ್ಲಿ ಎರಡಕ್ಕೆ ಮತ್ತೆ ಕಂಪ್ಲೇಂಟ್ ಬಂತು, ಆದ್ರೆ ಎರಡೂ ಸಲ ಹತ್ತು ನಿಮಿಷದಲ್ಲಿ ಮುಗೀತು. ಯಾಕಂದ್ರೆ ಜಗಳ ಆಗೋದು ಮಾರಿದ ಮೇಲೆ, ಆದ್ರೆ ಅದನ್ನ ಗೆಲ್ಲೋದು ಸೋಲೋದು ಮಾರೋಕೆ ಮುಂಚೆ ಏನ್ ಬರೆದಿದೀರ ಏನ್ ವಿಡಿಯೋ ಇಟ್ಕೊಂಡಿದೀರ ಅನ್ನೋದ್ರ ಮೇಲೆ.

ಮೊದಲು ಒಂದು ವಿಷಯ ಕ್ಲಿಯರ್ ಮಾಡ್ಕೊಳ್ಳಿ. ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಥರದ ಕಡೆ ಹಾಕಿ ಎದುರೆದುರು ಕೊಟ್ಟು ತಗೊಂಡ್ರೆ ಅಲ್ಲಿ ಅಮೆಜಾನ್ ಥರ ರಿಟರ್ನ್ ಬಟನ್ ಇಲ್ಲ, ಆಪು ಬರೀ ಪರಿಚಯ ಮಾಡ್ಸಿ ಸೈಡಿಗೆ ಹೋಗತ್ತೆ, ದುಡ್ಡು ಅವರ ಕೈಗೆ ಬಂದೇ ಇಲ್ಲ ಅಂದ್ಮೇಲೆ ಅವರು ಪಂಚಾಯ್ತಿ ಮಾಡೋಕೂ ಬರಲ್ಲ. "ಏಳು ದಿನ ರಿಟರ್ನ್ ಇರತ್ತಲ್ಲ ಸಾರ್" ಅಂತ ತಗೊಂಡೋರು ಹೇಳೋದು ಹೊಸ ಸಾಮಾನಿನ ಅಭ್ಯಾಸ ಅಷ್ಟೇ. ಹಂಗಂತ ನೀವು ಏನ್ ಸುಳ್ಳು ಹೇಳಿದ್ರೂ ನಡೆಯತ್ತೆ ಅಂತಲ್ಲ. 1930ರ ಸೇಲ್ ಆಫ್ ಗೂಡ್ಸ್ ಆಕ್ಟ್‌ನಲ್ಲಿ ಸೆಕ್ಷನ್ 16 ಸ್ಥೂಲವಾಗಿ ಹೇಳೋದು ತಗೊಳ್ಳೋನೇ ನೋಡಿ ತಗೋಬೇಕು ಅಂತ, ಕ್ವಾಲಿಟಿ ಬಗ್ಗೆ ತಾನಾಗೇ ಬರೋ ಗ್ಯಾರಂಟಿ ಅದೇ ಸಾಮಾನಿನ ವ್ಯಾಪಾರ ಮಾಡೋರಿಗೆ ಜಾಸ್ತಿ ಅಂಟ್ಕೊಳತ್ತೆ. ಆದ್ರೆ ಅದರ ಹಿಂದಿನ ಸೆಕ್ಷನ್ 15 ಇದೆಯಲ್ಲ, ವಿವರಣೆ ಕೊಟ್ಟು ಮಾರಿದ್ರೆ ಸಾಮಾನು ಆ ವಿವರಣೆಗೆ ಹೊಂದಬೇಕು ಅನ್ನೋದು, ಅದು ನಿಮಗೂ ಬರತ್ತೆ. ಆಡ್‌ನಲ್ಲಿ 256 ಜಿಬಿ ಅಂತ ಹಾಕಿ 128 ಕೊಟ್ರೆ ನೀವು ತಪ್ಪು, ಮುಗೀತು.

ಸುಮ್ನಿದ್ರೆ ಮೋಸನಾ ಅನ್ನೋ ಪ್ರಶ್ನೆಗೆ 1872ರ ಕಾಂಟ್ರ್ಯಾಕ್ಟ್ ಆಕ್ಟ್ ಸೆಕ್ಷನ್ 17ರಲ್ಲಿ ಒಂದು ಕುದುರೆ ಉದಾಹರಣೆ ಇದೆ, ನಂಗೆ ಅದು ತುಂಬಾ ಇಷ್ಟ. ಕುದುರೆಗೆ ಏನೋ ಊನ ಇದೆ ಅಂತ ಗೊತ್ತಿದ್ದೂ ಒಬ್ಬ ಹರಾಜಲ್ಲಿ ಸುಮ್ನೆ ಮಾರ್ತಾನೆ, ಅದು ಮೋಸ ಅಲ್ಲ ಅಂತೆ. ಆದ್ರೆ ತಗೊಳ್ಳೋನು "ನೀನು ಇಲ್ಲ ಅನ್ಲಿಲ್ಲ ಅಂದ್ರೆ ಕುದುರೆ ಚೆನ್ನಾಗಿದೆ ಅಂತ ತಿಳ್ಕೋತೀನಿ" ಅಂದಾಗಲೂ ಮಾರೋನು ಬಾಯಿ ಬಿಡ್ಲಿಲ್ಲ ಅಂದ್ರೆ, ಆ ಮೌನನೇ ಮಾತಿಗೆ ಸಮ. ಕುದುರೆ ಜಾಗದಲ್ಲಿ ಫೋನ್ ಇಟ್ಕೊಳ್ಳಿ. "ಡಿಸ್‌ಪ್ಲೇ ಒರಿಜಿನಲ್ ತಾನೆ ಸಾರ್? ಏನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ" ಅಂತ ಕೇಳಿರೋನಿಗೆ ನೀವು ಥಂಬ್ಸ್ ಅಪ್ ಹಾಕಿ ಬಿಟ್ರೆ ಅದು ಉತ್ತರನೇ. ಸೋ ಗೊತ್ತಿರೋದನ್ನ ಹೇಳ್ಬಿಡಿ, 500 ಕಮ್ಮಿಗೆ ಹೋಗತ್ತೆ ಅಷ್ಟೇ.

ಈಗ ಆಡ್. "ಮಿಂಟ್ ಕಂಡೀಷನ್", "ಹೊಸದ್ರ ಥರ", "ಸಿಂಗಲ್ ಸ್ಕ್ರ್ಯಾಚ್ ಇಲ್ಲ" ಇವೆಲ್ಲಾ ಬರೀಬೇಡಿ, ಜಗಳದ ಬೀಜ ಅವೇ. ಬದಲಿಗೆ ಯಾವಾಗ ತಗೊಂಡಿದ್ದು, ಎಲ್ಲಿ ಏನು ಗೀರು, ಬ್ಯಾಟರಿ ಹೆಲ್ತ್ ಎಷ್ಟು, ಏನಾದ್ರೂ ರಿಪೇರಿ ಮಾಡ್ಸಿದೀರ, ಬಾಕ್ಸ್ ಬಿಲ್ ಇದೆಯಾ ಅಂತ ಹಾಕಿ. ಗೀರಿರೋ ಮೂಲೆಯ ಫೋಟೋನೇ ಮೊದಲು ಹಾಕಿ. ಹಂಗ್ ಹಾಕಿದ್ರೆ ಯಾರೂ ಬರಲ್ಲ ಅನ್ಕೊಂಡಿದ್ದೆ, ಬರ್ತಾರೆ, ಬಂದು ಚೌಕಾಸಿನೂ ಕಮ್ಮಿ ಮಾಡ್ತಾರೆ.

ಮಾತುಕತೆ ಎಲ್ಲಾ ಕಾಲ್‌ನಲ್ಲಿ ಮುಗಿಸ್ಬೇಡಿ. ರೇಟ್ ಫೈನಲ್ ಆದ್ಮೇಲೆ, ಅವರು ಮನೆ ಬಿಡೋಕೆ ಮುಂಚೆ ಒಂದು ಮೆಸೇಜ್ ಹಾಕಿ. ನಾನು ಹಾಕೋದು ಹೆಚ್ಚುಕಮ್ಮಿ ಇಷ್ಟು: "ಫೋನ್ 2 ವರ್ಷ ಹಳೇದು, ಬ್ಯಾಟರಿ ಹೆಲ್ತ್ 84, ಎಡಗಡೆ ಮೂಲೆಯಲ್ಲಿ ಡೆಂಟ್ ಇದೆ, ವಾರಂಟಿ ಮುಗಿದಿದೆ. ಬಂದು ಪೂರ್ತಿ ಚೆಕ್ ಮಾಡಿ, ಎಷ್ಟು ಹೊತ್ತಾದ್ರೂ ಪರ್ವಾಗಿಲ್ಲ. ಚೆಕ್ ಮಾಡಿ ದುಡ್ಡು ಕೊಟ್ಮೇಲೆ ರಿಟರ್ನ್ ಇಲ್ಲ. ಓಕೆ ಅಂದ್ರೆ ಬನ್ನಿ." ಅವರು "ಓಕೆ ಸಾರ್" ಅಂತ ಹಾಕ್ತಾರಲ್ಲ, ಆ ಓಕೆಗೆ ಬೆಲೆ ಕಟ್ಟೋಕಾಗಲ್ಲ. ನಿಮ್ಮ ವಾಟ್ಸಾಪ್‌ನಲ್ಲಿ ಮೆಸೇಜ್ ತಾನಾಗೇ ಡಿಲೀಟ್ ಆಗೋ ಸೆಟಿಂಗ್ ಆನ್ ಇದ್ರೆ ಆ ಚಾಟ್‌ಗೆ ಆಫ್ ಮಾಡಿ.

ಕೊಡೋ ದಿನ ಅವಸರ ಮಾಡ್ಬೇಡಿ, ಅವಸರ ಮಾಡೋಕೂ ಬಿಡ್ಬೇಡಿ. "ಪರ್ವಾಗಿಲ್ಲ ಸಾರ್ ನಂಬಿಕೆ ಇದೆ" ಅಂತ ಎರಡು ನಿಮಿಷ ನೋಡಿ ತಗೊಂಡು ಹೋಗೋರೇ ರಾತ್ರಿ ಕಾಲ್ ಮಾಡೋದು. ಅವರ ಸಿಮ್ ಹಾಕ್ಸಿ ಒಂದು ಕಾಲ್ ಮಾಡ್ಸಿ, ಸ್ಪೀಕರ್, ಮೈಕ್, ಮುಂದೆ ಹಿಂದೆ ಕ್ಯಾಮೆರಾ, ಫಿಂಗರ್‌ಪ್ರಿಂಟ್, ವೈಫೈ, ಚಾರ್ಜಿಂಗ್ ಎಲ್ಲಾ ಅವರ ಕೈಲೇ ಮಾಡ್ಸಿ, ಬಿಳಿ ಸ್ಕ್ರೀನ್ ಇಟ್ಟು ಕಲೆ ಗೆರೆ ಇದೆಯಾ ನೋಡ್ಸಿ. ಸ್ಯಾಮ್‌ಸಂಗ್ ಆದ್ರೆ ಡಯಲರ್‌ನಲ್ಲಿ *#0*# ಒತ್ತಿದ್ರೆ ಟೆಸ್ಟ್ ಮೆನುನೇ ಬರತ್ತೆ. ಐಫೋನ್ ಆದ್ರೆ ಸೆಟಿಂಗ್ಸ್, ಜನರಲ್, ಅಬೌಟ್ ಒಳಗೆ ಡಿಸ್‌ಪ್ಲೇ ಬ್ಯಾಟರಿ ಬದಲಾಗಿದ್ರೆ ತೋರ್ಸತ್ತೆ, ಸ್ವಲ್ಪ ಹಳೇ ಮಾಡೆಲ್‌ಗಳಲ್ಲಿ ಎಲ್ಲಾ ಪಾರ್ಟ್‌ದೂ ಬರಲ್ಲ. ಅವತ್ತು ನಾನು ಡಿಸ್‌ಪ್ಲೇನ ಎದುರಿಗೇ ಇಷ್ಟು ನೋಡ್ಸಿ ವಿಡಿಯೋ ತೆಗೆದಿದ್ರೆ 2,500 ಉಳೀತಿತ್ತು.

ಇದೆಲ್ಲಾ ಆಗೋವಾಗ ಒಂದೇ ವಿಡಿಯೋ, ಮಧ್ಯೆ ಕಟ್ ಇಲ್ಲದೆ: *#06# ಒತ್ತಿ ಐಎಂಇಐ ನಂಬರ್ (ಒಂದೊಂದು ಫೋನ್‌ಗೂ ಬೇರೆ ಬೇರೆ ಇರೋ ಗುರುತಿನ ನಂಬರ್) ತೋರ್ಸಿ, ಸುತ್ತ ಬಾಡಿ ತೋರ್ಸಿ, ಸ್ಕ್ರೀನ್ ಆನ್ ಇರೋದು ತೋರ್ಸಿ. ಅವರ ಮುಖ ತೆಗೀಬೇಕು ಅಂತೇನಿಲ್ಲ, ಕೇಳದೆ ತೆಗೆದ್ರೆ ಅದೇ ಇನ್ನೊಂದು ಜಗಳ. ಲ್ಯಾಪ್‌ಟಾಪ್, ಲೆನ್ಸ್‌ಗೆ ಸೀರಿಯಲ್ ನಂಬರ್. ಫೋನ್ ಕದ್ದಿದ್ದಲ್ಲ ಅಂತ ತೋರ್ಸೋಕೆ ಇಂಗ್ಲಿಷಲ್ಲಿ ಕೆವೈಎಂ ಅಂತ ಟೈಪ್ ಮಾಡಿ ಸ್ಪೇಸ್ ಬಿಟ್ಟು ಐಎಂಇಐ ಹಾಕಿ 14422ಗೆ ಎಸ್ಎಂಎಸ್ ಮಾಡಿ, ಇಲ್ಲ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಆಪಲ್ಲಿ ಚೆಕ್ ಮಾಡಿ, ಬ್ಲಾಕ್ ಆಗಿರೋ ಫೋನ್ ಆಗಿದ್ರೆ ಅಲ್ಲೇ ಗೊತ್ತಾಗತ್ತೆ. ಅವರು ಆಧಾರ್ ಕಾಪಿ ಕೇಳಿದ್ರೆ ಮಾಸ್ಕ್ಡ್ ಆಧಾರ್ ಕೊಡಿ, ಕೊನೇ ನಾಲ್ಕು ನಂಬರ್ ಮಾತ್ರ ಕಾಣತ್ತೆ.

ರೀಸೆಟ್ ಮಾಡೋಕೆ ಮುಂಚೆ ಗೂಗಲ್ ಅಕೌಂಟ್ ರಿಮೂವ್ ಮಾಡಿ, ಐಫೋನ್ ಆದ್ರೆ ಫೈಂಡ್ ಮೈ ಆಫ್ ಮಾಡಿ. ಮರೆತ್ರೆ ಮನೆಗೆ ಹೋದ್ಮೇಲೆ ಅವರಿಗೆ ಲಾಕ್ ಬಂದು ಕೂರತ್ತೆ, ಆಗ ಅವರು ಬಯ್ಯೋದ್ರಲ್ಲಿ ನ್ಯಾಯ ಇದೆ, ನಿಮ್ಮ ಹತ್ರ ಉತ್ತರ ಇಲ್ಲ.

ಇಷ್ಟೆಲ್ಲಾ ಮಾಡಿದ್ರೂ ಕಾಲ್ ಬಂತು ಅನ್ಕೊಳ್ಳಿ. ಸಿಟ್ಟಲ್ಲಿ "ನಂಗೆ ಸಂಬಂಧ ಇಲ್ಲ" ಅಂತ ಕಟ್ ಮಾಡಿ ಬ್ಲಾಕ್ ಮಾಡ್ಬೇಡಿ, ಬ್ಲಾಕ್ ಮಾಡಿದ ತಕ್ಷಣ ನೀವು ಮೋಸಗಾರ ಅಂತ ಅವರಿಗೆ ಕನ್ಫರ್ಮ್ ಆಗತ್ತೆ, ಸ್ಟೇಷನ್‌ಗೆ ಹೋಗೋದು ಆಗಲೇ. "ಒಂದು ವಿಡಿಯೋ ಕಳ್ಸಿ, ನೋಡಿ ಹೇಳ್ತೀನಿ" ಅನ್ನಿ ಸಾಕು. ಏನ್ ಪ್ರಾಬ್ಲಮ್, ಯಾವಾಗಿಂದ, ಯಾವುದಾದ್ರೂ ಅಂಗಡೀಲಿ ಬಿಚ್ಚಿಸಿದೀರಾ, ಇಷ್ಟು ಚಾಟ್‌ನಲ್ಲೇ ಕೇಳಿ. ಎಷ್ಟೋ ಕಂಪ್ಲೇಂಟ್ ಬಳಸೋದು ಗೊತ್ತಿಲ್ದೆ ಬರೋದು. ನನ್ನ ಫ್ರಂಟ್ ಲೋಡ್ ವಾಷಿಂಗ್ ಮಷೀನ್ ತಗೊಂಡ ಆಂಟಿ "ಮಷೀನ್ ಕುಣೀತಿದೆ ಕಣಪ್ಪಾ, ಬಾತ್‌ರೂಮಿಂದ ಆಚೆನೇ ಬಂದ್ಬಿಡತ್ತೆ" ಅಂತ ಗಾಬರಿಯಾಗಿ ಕಾಲ್ ಮಾಡಿದ್ರು, ನೋಡಿದ್ರೆ ಟೆಂಪೋದಲ್ಲಿ ಸಾಗಿಸೋವಾಗ ಡ್ರಮ್ ಅಲ್ಲಾಡದ ಹಾಗೆ ಹಿಂದೆ ಹಾಕಿದ್ದ ಬೋಲ್ಟ್‌ಗಳನ್ನ ಅವರ ಕಡೆಯವರು ಬಿಚ್ಚದೇ ಆನ್ ಮಾಡಿದ್ರು. ಬಿಚ್ಚಿ, ಕಾಲು ನಾಲ್ಕೂ ಲೆವೆಲ್ ಮಾಡ್ಸಿದ್ಮೇಲೆ ಸುಮ್ನಾಯ್ತು.

ಮನಸ್ಸು ಬದಲಾಯ್ತು, ಮಗನಿಗೆ ಕಲರ್ ಇಷ್ಟ ಆಗ್ಲಿಲ್ಲ, ಬೇರೆ ಕಡೆ ಕಮ್ಮಿಗೆ ಸಿಗ್ತಿದೆ, ಇದಕ್ಕೆಲ್ಲಾ ವಾಪಸ್ ಇಲ್ಲ, ಮೆತ್ತಗೆ ಹೇಳಿ ಮುಗಿಸಿ. ನೀವು ಹೇಳದೇ ಇರೋ ಪ್ರಾಬ್ಲಮ್ ನಿಜವಾಗ್ಲೂ ಇದ್ರೆ, ಅದೂ ಒಂದೆರಡು ದಿನದಲ್ಲಿ ಹೇಳಿದ್ರೆ, ನಂಗೆ ಗೊತ್ತಿರ್ಲಿಲ್ಲ ಅಂತ ಹೇಳಿ ರಿಪೇರಿ ಖರ್ಚಲ್ಲಿ ಅರ್ಧ ಕೊಡೋದು ನನ್ನ ಪದ್ಧತಿ, ಕಾನೂನು ಹೇಳತ್ತೆ ಅಂತಲ್ಲ, ನಿದ್ದೆ ಬರ್ಲಿ ಅಂತ. ಗೊತ್ತಿದ್ದೂ ಮುಚ್ಚಿಟ್ಟಿದ್ರೆ ಮಾತ್ರ ವಾದ ಮಾಡ್ದೆ ಪೂರ್ತಿ ವಾಪಸ್ ತಗೊಳ್ಳಿ.

ವಾಪಸ್ ತಗೊಳ್ಳೋದೇ ಆದ್ರೆ ಇಲ್ಲೇ ಜನ ಜಾಸ್ತಿ ಕಳ್ಕೊಳ್ಳೋದು. ಮೊದಲು ಫೋನ್, ಆಮೇಲೆ ದುಡ್ಡು. ಎದುರಿಗೇ ಐಎಂಇಐ ನಿಮ್ಮ ವಿಡಿಯೋ ಜೊತೆ ಹೊಂದ್ಸಿ ನೋಡಿ, ಗೀರುಗಳನ್ನೂ ಹೊಂದ್ಸಿ, ಯಾಕಂದ್ರೆ ಬೋರ್ಡ್ ಅದೇ ಇದ್ದು ಡಿಸ್‌ಪ್ಲೇ ಕಾಂಬೋ ಬದಲಾಗಿರ್ಬಹುದು, ಆಗ ಐಎಂಇಐ ಅದೇ ತೋರ್ಸತ್ತೆ. ಕ್ಯಾಮೆರಾ, ಬ್ಯಾಟರಿ ಎಲ್ಲಾ ಮತ್ತೆ ಟೆಸ್ಟ್ ಮಾಡಿ, ಅವರ ಅಕೌಂಟ್ ರಿಮೂವ್ ಮಾಡ್ಸಿ. ದುಡ್ಡು ಮಾತ್ರ ಯಾವ ಅಕೌಂಟಿಂದ ಬಂದಿತ್ತೋ ಅದಕ್ಕೇ ಹಾಕಿ. "ಅದು ಫ್ರೆಂಡ್ ಅಕೌಂಟ್ ಸಾರ್, ಈ ನಂಬರ್‌ಗೆ ಹಾಕಿ" ಅಂದ್ರೆ ಒಪ್ಬೇಡಿ, ಆ ಮೊದಲನೇ ಅಕೌಂಟಿನ ದುಡ್ಡು ಯಾರಿಗೋ ಮೋಸ ಮಾಡಿ ಬಂದಿದ್ದಾದ್ರೆ ನಾಳೆ ಅವರು ಸೈಬರ್ ಫ್ರಾಡ್ ಹೆಲ್ಪ್‌ಲೈನ್ 1930ಗೆ ಕಂಪ್ಲೇಂಟ್ ಕೊಟ್ಟಾಗ ನಿಮ್ಮ ಅಕೌಂಟಲ್ಲಿ ಆ ಮೊತ್ತ ಹೋಲ್ಡ್ ಆಗತ್ತೆ, ನೀವು ಆಗ್ಲೇ ಇನ್ನೊಬ್ಬರಿಗೆ ಕೊಟ್ಟಾಗಿರತ್ತೆ, ಎರಡು ಸಲ ಹೋಯ್ತು. ರಿಫಂಡ್ ಕೊಡೋಕೆ ನೀವು ಪಿನ್ ಹಾಕ್ಬೇಕು ಸರಿ, ಆದ್ರೆ ಮಾರೋ ಟೈಮಲ್ಲಿ "ದುಡ್ಡು ಬರೋಕೆ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅಂತ ಹೇಳಿದ್ರೆ ಅದು ಪಕ್ಕಾ ಫ್ರಾಡ್, ದುಡ್ಡು ಬರೋಕೆ ಪಿನ್ ಬೇಕಾಗೇ ಇಲ್ಲ. ಕೊಟ್ಮೇಲೆ "ಫೋನ್ ವಾಪಸ್ ಕೊಟ್ಟೆ, ದುಡ್ಡು ಪೂರ್ತಿ ಬಂತು" ಅಂತ ಅವರ ಕಡೆಯಿಂದ ಒಂದು ಮೆಸೇಜ್ ಹಾಕಿಸ್ಕೊಳ್ಳಿ.

ಕೊರಿಯರ್‌ನಲ್ಲಿ ಕಳ್ಸಿದ್ರೆ ಪ್ಯಾಕ್ ಮಾಡೋ ವಿಡಿಯೋ, ತೂಕದ ರಸೀದಿ ಇಟ್ಕೊಳ್ಳಿ, ವಾಪಸ್ ಬಂದ ಪಾರ್ಸಲ್‌ನೂ ವಿಡಿಯೋ ಆನ್ ಮಾಡೇ ಬಿಚ್ಚಿ. ನಾನಂತೂ ಅಪರಿಚಿತರಿಗೆ ಕೊರಿಯರ್ ಮಾಡೋದೇ ಬಿಟ್ಟಿದೀನಿ.

"ಕೇಸ್ ಹಾಕ್ತೀನಿ" ಅಂದ್ರೆ? ಹೆದರಬೇಡಿ, ಉಡಾಫೆನೂ ಬೇಡ. ಚೀಟಿಂಗ್ ಅಂದ್ರೆ ಈಗ ಭಾರತೀಯ ನ್ಯಾಯ ಸಂಹಿತೆ ಸೆಕ್ಷನ್ 318, ಹಳೇ 420, ಅದು ನಿಲ್ಬೇಕಾದ್ರೆ ಶುರುವಲ್ಲೇ ಮೋಸ ಮಾಡೋ ಉದ್ದೇಶ ಇತ್ತು ಅಂತ ತೋರ್ಸ್ಬೇಕು, ಬರೀ ಸಾಮಾನು ಕೆಟ್ಟೋಯ್ತು ಅನ್ನೋದು ಸಾಲಲ್ಲ. ಸ್ಟೇಷನ್ನಿಂದ ಕಾಲ್ ಬಂದ್ರೆ ತಪ್ಪಿಸ್ಕೋಬೇಡಿ, ಚಾಟ್, ಆಡ್‌ನ ಸ್ಕ್ರೀನ್‌ಶಾಟ್, ವಿಡಿಯೋ ತಗೊಂಡು ಹೋಗಿ. ಬ್ಯಾಂಕ್ ಹೋಲ್ಡ್ ಹಾಕಿದ್ರೆ ಬ್ರಾಂಚಲ್ಲಿ ಯಾವ ಸ್ಟೇಷನ್, ಕಂಪ್ಲೇಂಟ್ ನಂಬರ್ ಏನು ಅಂತ ಇಸ್ಕೊಂಡು ಅವರಿಗೇ ಇದನ್ನೆಲ್ಲಾ ಕಳ್ಸಿ. ಕನ್ಸ್ಯೂಮರ್ ಕೋರ್ಟ್, ಗ್ರಾಹಕರ ಹೆಲ್ಪ್‌ಲೈನ್ 1915 ಅಂತ ಹೇಳಿದ್ರೆ, ಅದು ವ್ಯಾಪಾರಿಗಳ ಮೇಲಿನ ದೂರಿಗೆ, ಮನೇದೊಂದು ಫೋನ್ ಮಾರಿದೋನು ವ್ಯಾಪಾರಿ ಅಲ್ಲ ಅಂತ ನೀವು ಹೇಳ್ಬಹುದು, ತಿಂಗಳಿಗೆ ನಾಲ್ಕೈದು ಫೋನ್ ತಿರುಗಿಸ್ತಿದ್ರೆ ಆ ಮಾತು ನಿಲ್ಲಲ್ಲ.

ಅಮೆರಿಕಾದಲ್ಲಿ ಇರೋ ನಮ್ಮೋರು ಇಬೇ (eBay) ಅನ್ನೋ ಆನ್‌ಲೈನ್ ಮಾರ್ಕೆಟಲ್ಲಿ ಮಾರ್ತಿದ್ರೆ ಈ ಲೆಕ್ಕ ಪೂರ್ತಿ ಉಲ್ಟಾ. ಅಲ್ಲಿ "ನೋ ರಿಟರ್ನ್ಸ್" ಅಂತ ಹಾಕಿದ್ರೂ ಸಾಮಾನು ವಿವರಣೆ ಥರ ಇಲ್ಲ ಅಂತ ತಗೊಂಡೋರು ಸಾಮಾನ್ಯವಾಗಿ 30 ದಿನದೊಳಗೆ ಕೇಸ್ ಓಪನ್ ಮಾಡ್ಬಹುದು, ನಿಮಗೆ ಉತ್ತರ ಕೊಡೋಕೆ 3 ಕೆಲಸದ ದಿನ, ಸುಮ್ನಿದ್ರೆ ಇಬೇ ಅವರ ಪರವಾಗಿ ದುಡ್ಡು ವಾಪಸ್ ಮಾಡ್ಬಿಡತ್ತೆ. ಮಾತುಕತೆ ಎಲ್ಲಾ ಇಬೇ ಮೆಸೇಜ್ ಒಳಗೇ ಮಾಡಿ, ವಾಟ್ಸಾಪ್‌ಗೆ ಎಳೀಬೇಡಿ.

ಎಲ್ಲಾ ಮುಗಿದ್ಮೇಲೂ ಚಾಟ್ ಡಿಲೀಟ್ ಮಾಡ್ಬೇಡಿ. ಸಿವಿಲ್ ಕೇಸ್ ಹಾಕೋಕೆ ಸಾಮಾನ್ಯವಾಗಿ 3 ವರ್ಷ ಟೈಮ್ ಇರತ್ತೆ. ಬರೀ ಸ್ಕ್ರೀನ್‌ಶಾಟ್ ಇದ್ರೆ ಸಾಲಲ್ಲ, ಒರಿಜಿನಲ್ ಚಾಟ್ ಇರೋ ಫೋನೂ ಬೇಕು, ಕೋರ್ಟಿಗೆ ಹೋದ್ರೆ 2023ರ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಸರ್ಟಿಫಿಕೇಟ್ (ಡಿಜಿಟಲ್ ದಾಖಲೆಗೆ ಕೊಡೋ ದೃಢೀಕರಣ ಪತ್ರ) ಜೊತೆಗೆ ಕೊಡ್ಬೇಕಾಗತ್ತೆ. ಆಮೇಲೆ ಆ ಫೋನನ್ನೂ ಮಾರೋಕೆ ಹೊರಟ್ರೆ ಮೊದಲು ಚಾಟ್ ಬ್ಯಾಕಪ್ ತಗೊಳ್ಳಿ, ನಾನು ಒಂದು ಸಲ ಮರೆತೇಬಿಟ್ಟಿದ್ದೆ.