ಶಾಸಕರ ನಿಧಿಯ ಲೆಕ್ಕ ನಾನು ಕೇಳಿದ್ದು ಹೀಗೆ

ಶಾಸಕರ ನಿಧಿ ಅಂದರೆ ದುಡ್ಡು ಅವರ ಕೈಯಲ್ಲೇ ಇರುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಕರ್ನಾಟಕದಲ್ಲಿ ಒಬ್ಬ ಶಾಸಕರ ಪಾಲಿಗೆ ವರ್ಷಕ್ಕೆ 2 ಕೋಟಿ ರೂಪಾಯಿ. ಯಾವ ಕೆಲಸ ಆಗಬೇಕು ಅಂತ ಅವರು ಪತ್ರ ಕೊಡುತ್ತಾರೆ, ಮಂಜೂರಾತಿ ಡಿಸಿ ಕಚೇರಿಯಿಂದ. ಹಾಗಾಗಿ ನಾನು ಶಾಸಕರ ಮನೆಗೆ ಹೋಗಲೇ ಇಲ್ಲ. ಅಲ್ಲಿ ಕಾಫಿ ಸಿಗುತ್ತೆ, ಕಾಗದ ಸಿಗಲ್ಲ.

ಮಾಹಿತಿ ಹಕ್ಕಿನ ನಮೂನೆ ‘ಎ’ ಭರ್ತಿ ಮಾಡಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಡಿಸಿ ಕಚೇರಿಗೆ ಕಳಿಸಿದೆ. ನಮ್ಮ ರಾಜ್ಯದ ನಿಯಮದಂತೆ ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಯಾಕೆ ಹೀಗೆ ಮಾಡಿದಿರಿ’ ಅಂತೆಲ್ಲ ಬರೆಯಬಾರದು. ಕಡತದಲ್ಲಿ ಇರೋದನ್ನಷ್ಟೇ ಕೇಳಬೇಕು. ನಾನು ಕೇಳಿದ್ದು ನಮ್ಮ ಕ್ಷೇತ್ರದ ಕಾಮಗಾರಿ ಪಟ್ಟಿ: ಕೆಲಸ, ಜಾಗ, ಮೊತ್ತ, ಮಾಡಿಸಿದವರು ಯಾರು.

ಪಟ್ಟಿ ಬಂತು. ದಿನಾ ಓಡಾಡುವ ಒಂದು ಸಿಮೆಂಟ್ ರಸ್ತೆ ಆರಿಸಿಕೊಂಡೆ. ಅದನ್ನು ಮಾಡಿಸಿದ ಇಲಾಖೆಗೆ ಇನ್ನೊಂದು ಅರ್ಜಿ ಹಾಕಿ ಅಂದಾಜು ಪಟ್ಟಿ, ಬಿಲ್, ಎಂ.ಬಿ. ಪ್ರತಿ ಕೇಳಿದೆ. ಪುಟಕ್ಕೆ 2 ರೂಪಾಯಿ.

ಎಂ.ಬಿ. ಅಂದರೆ ಅಳತೆ ಪುಸ್ತಕ. ಎಂಜಿನಿಯರ್ ಅದರಲ್ಲಿ ಬರೆದಷ್ಟಕ್ಕೇ ಬಿಲ್ ಆಗೋದು. ನನ್ನ ಪ್ರಕಾರ ಶಾಸಕರ ಭಾಷಣಕ್ಕಿಂತ ಈ ಪುಸ್ತಕವನ್ನೇ ಜಾಸ್ತಿ ಓದಬೇಕು. ಟೇಪು ಹಿಡಿದು ಪಕ್ಕದ ಮನೆಯ ಹುಡುಗನ ಜೊತೆ ಹೋದೆ. ರಸ್ತೆಯ ಉದ್ದ, ಅಗಲ ಸರಿಯಾಗೇ ಇತ್ತು. ಚರಂಡಿಯ ಉದ್ದವೂ ಸರಿ. ಆದರೆ ಪುಸ್ತಕದಲ್ಲಿ ಉದ್ದದ ಕಾಲಂಗಿಂತ ಮೊದಲು ‘ಸಂಖ್ಯೆ’ ಅಂತ ಒಂದು ಸಣ್ಣ ಕಾಲಂ ಇರುತ್ತೆ. ಅದರಲ್ಲಿ 2 ಅಂತಿತ್ತು. ಅಂದರೆ ರಸ್ತೆಯ ಎರಡೂ ಬದಿ ಚರಂಡಿ. ಇರೋದು ಒಂದೇ ಬದಿ! ಆ ಒಂದಂಕಿಯಿಂದ ಬಿಲ್‌ನಲ್ಲಿ ಚರಂಡಿಯ ದುಡ್ಡು ಎರಡರಷ್ಟಾಗಿತ್ತು.

‘ನೀವು ಯಾವ ಪಾರ್ಟಿ?’ ಅಂತ ಕೇಳಿದರು ಆ ಇಲಾಖೆಯ ಕಚೇರಿಯಲ್ಲಿ. ‘ಆ ರಸ್ತೆಯವನು’ ಅಂದೆ. ಇನ್ನೊಂದು ಬದಿ ‘ಮುಂದಿನ ಹಂತದಲ್ಲಿ’ ಆಗುತ್ತಂತೆ. ಬಿಲ್ ಮಾತ್ರ ಈ ಹಂತದಲ್ಲೇ ಆಗಿದೆ, ಅಲ್ವಾ?

ಆ ಮಾತು ಬಾಯಲ್ಲಿ ಬೇಡ, ಬರಹದಲ್ಲಿ ಬೇಕು ಅಂತ ಮುಂದಿನ ಹಂತದ ಮಂಜೂರಾತಿ ಆದೇಶದ ಪ್ರತಿ ಕೇಳಿ ಮತ್ತೆ ಅರ್ಜಿ ಹಾಕಿದೆ. 30 ದಿನ ಕಳೆದರೂ ಉತ್ತರವಿಲ್ಲ. ಈಗ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹೋಗಿದೆ, ಎಂ.ಬಿ. ಪುಟವನ್ನೂ ಚರಂಡಿಯಿಲ್ಲದ ಬದಿಯ ಫೋಟೋವನ್ನೂ ಲಗತ್ತಿಸಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.