ಹಿಮ್ಮಡಿ ಕತ್ತರಿಸಿದ ಸದ್ದು

ವಿದ್ಯಾರ್ಥಿಗಳ ತಂಡಕ್ಕೆ ನಾಟಕ ಮಾಡಿಸಲು ಒಪ್ಪಿಕೊಂಡಾಗ ಅವರ ಬೇಡಿಕೆ ಒಂದೇ: ಕಿನ್ನರಿ ಕಥೆಗಳನ್ನು ಕರಾಳವಾಗಿಸಬೇಕು. ಮೊದಲ ಕರಡಿನಲ್ಲಿ ಸಿಂಡರೆಲಾ ಕೊಲೆಗಾರ್ತಿ, ಸ್ನೋವೈಟ್ ಪಿಶಾಚಿ. ಪುಟಕ್ಕೊಂದು ಹೆಣ. ಓದುತ್ತಾ ಹೋದಂತೆ ನನಗೆ ಆಕಳಿಕೆ ಬಂತು.

ಕರಡನ್ನು ಬದಿಗಿಟ್ಟು ಈ ಕಥೆಗಳ ಹಳೆಯ ಪಾಠಗಳನ್ನು ಹುಡುಕಿ ಓದಿದೆವು. ಜನಪದ ಕಥೆಗಳನ್ನು ಸಂಗ್ರಹಿಸಿದ ಜರ್ಮನಿಯ ಗ್ರಿಮ್ ಸೋದರರು 1812ರಲ್ಲಿ ಅಚ್ಚು ಹಾಕಿಸಿದ ಕಥೆಯಲ್ಲಿ ಸ್ನೋವೈಟಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿ. ಅವಳು ಮಲತಾಯಿಯಾದದ್ದು 1819ರ ಆವೃತ್ತಿಯಲ್ಲಿ. ಫ್ರಾನ್ಸಿನ ಲೇಖಕ ಪೆರೋ 1697ರಲ್ಲಿ ಹೇಳಿದ ಕೆಂಪು ಟೋಪಿಯ ಹುಡುಗಿಯನ್ನು ತೋಳ ತಿಂದೇಬಿಡುತ್ತದೆ, ಬಿಡಿಸಲು ಬೇಟೆಗಾರ ಬರುವುದಿಲ್ಲ. ಸರಿ, ಮಲತಾಯಿಯನ್ನು ಮತ್ತೆ ತಾಯಿ ಮಾಡಿದೆವು, ಬೇಟೆಗಾರನ ಪಾತ್ರವನ್ನು ಕಿತ್ತುಹಾಕಿದೆವು. ಆ ಪಾತ್ರಕ್ಕೆಂದೇ ಗಡ್ಡ ಬಿಟ್ಟಿದ್ದ ಹುಡುಗ ಎರಡು ದಿನ ಮಾತು ಬಿಟ್ಟ. ಆಮೇಲೆ ಬೆಳಕಿನ ಹೊಣೆ ಹೊತ್ತ.

ಹೆಚ್ಚು ಕಾಡಿದ್ದು ಸಿಂಡರೆಲಾಳ ಮಲಸೋದರಿಯರ ದೃಶ್ಯ. ಗ್ರಿಮ್ ಪಾಠದಲ್ಲಿ ತಾಯಿಯೇ ಮಗಳ ಕೈಗೆ ಚಾಕು ಕೊಡುತ್ತಾಳೆ: ಕತ್ತರಿಸಿಕೋ, ರಾಣಿಯಾದ ಮೇಲೆ ನೀನೇನೂ ನಡೆಯಬೇಕಾಗಿಲ್ಲ. ಪುಟ್ಟ ಪಾದರಕ್ಷೆಗೆ ಕಾಲು ಹಿಡಿಸಲು ಒಬ್ಬಳು ಕಾಲಿನ ಹೆಬ್ಬೆರಳು ಕತ್ತರಿಸಿಕೊಂಡರೆ ಇನ್ನೊಬ್ಬಳು ಹಿಮ್ಮಡಿ. ನಮ್ಮ ತಾಯಿ ಪಾತ್ರಧಾರಿ ಕಣ್ಣು ಕೆಕ್ಕರಿಸಿ ಅರಚುತ್ತಿದ್ದಳು. ಕೆಂಪು ನೀರು ಚಿಮ್ಮಿದ ಕೂಡಲೇ ತಾಲೀಮು ನೋಡುತ್ತಿದ್ದವರು ನಕ್ಕರು. ವಾರವೆಲ್ಲ ತಿಣುಕಿದ ಮೇಲೆ, ಮಗಳ ಜಡೆ ಹೆಣೆಯುತ್ತಾ ಹೇಳಿ ನೋಡು ಎಂದೆ. ಅವಳು ಅರ್ಧ ಜಡೆ ಹೆಣೆದು, ರಿಬ್ಬನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಾಚಣಿಗೆ ಕೊಟ್ಟಷ್ಟೇ ಸಲೀಸಾಗಿ ಚಾಕು ಕೊಟ್ಟಳು. ಕೋಣೆಯಲ್ಲಿ ಯಾರೂ ಕೆಮ್ಮಲಿಲ್ಲ.

ಕೆಂಪು ನೀರು ಅಂದೇ ಹೋಯಿತು. ಮಗಳು ಪ್ರೇಕ್ಷಕರಿಗೆ ಬೆನ್ನು ಹಾಕಿ ಕೂರುತ್ತಾಳೆ, ಭುಜ ಒಮ್ಮೆ ಅದುರುತ್ತದೆ. ಅದೇ ಕ್ಷಣಕ್ಕೆ ರಂಗದ ಮರೆಯ ಸೈಡ್‌ವಿಂಗ್‌ನಲ್ಲಿ ಒಬ್ಬ ಮೈಕಿನ ಹತ್ತಿರ ಹಸಿ ಕ್ಯಾರೆಟ್ ಮುರಿಯುತ್ತಾನೆ. ಬಳಿಕ ಅವಳು ಎದ್ದು ಏಳು ಹೆಜ್ಜೆ ನಡೆಯಬೇಕು. ಕುಂಟಬಾರದು, ನಗುತ್ತಿರಬೇಕು. ಆ ಏಳು ಹೆಜ್ಜೆಗೆ ಹಿಡಿದಷ್ಟು ತಾಲೀಮು ಬೇರಾವ ದೃಶ್ಯಕ್ಕೂ ಹಿಡಿಯಲಿಲ್ಲ.

ಒಂದು ತಪ್ಪು ಮಾತ್ರ ಪೂರಾ ನನ್ನದು. ಭಿತ್ತಿಪತ್ರದಲ್ಲಿ ಚಂದದ ಗಾಜಿನ ಪಾದರಕ್ಷೆ ಬರೆಸಿದ್ದೆ. ಅದನ್ನು ನಂಬಿ ಮೊದಲ ಪ್ರದರ್ಶನಕ್ಕೆ ಪುಟ್ಟ ಮಕ್ಕಳನ್ನು ಕರೆತಂದವರು ಅರ್ಧದಲ್ಲೇ ಎದ್ದು ಹೋದರು. ಮರುದಿನ ಬಾಗಿಲಲ್ಲಿ ದಪ್ಪ ಅಕ್ಷರದ ಎಚ್ಚರಿಕೆ ಅಂಟಿಸಿದೆವು.

ಮೂರನೆಯ ದಿನ ಕ್ಯಾರೆಟ್ ಬಾಡಿತ್ತು. ಬಾಗಿತೇ ಹೊರತು ಮುರಿಯಲಿಲ್ಲ. ಬೆನ್ನು ಹಾಕಿ ಕೂತವಳು ಸದ್ದಿಗಾಗಿ ಕಾದಳು, ಕಾದಳು, ಕೊನೆಗೆ ಹಾಗೆಯೇ ಭುಜ ಅದುರಿಸಿ ಎದ್ದಳು. ಮುಂದಿನ ಸಾಲಿನಲ್ಲಿದ್ದವರೊಬ್ಬರು ತಮ್ಮ ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡದ್ದು ವಿಂಗ್‌ನಲ್ಲಿ ನಿಂತಿದ್ದ ನನಗೆ ಕಂಡಿತು. ನಾಲ್ಕನೆಯ ದಿನ ಕ್ಯಾರೆಟ್ ತರಿಸಲಿಲ್ಲ.